ಮುದಕಪ್ಪ ಕಟ್ಟಿದ ದೊಡ್ಡ ಮಷೀನು

ಮುದಕಪ್ಪನ ಎದುರು ಯಾರೂ ಇಂಜಿನ್ನಿನ ಓಟ ಅಳೆಯುವ ಮೀಟರಿನ ಮಾತು ಎತ್ತುವಂತಿರಲಿಲ್ಲ. ಎತ್ತಿದರೆ ಕೈಯಲ್ಲಿದ್ದ ಸ್ಪ್ಯಾನರು ಧಡ್ ಎಂದು ಬೆಂಚಿನ ಮೇಲೆ ಬೀಳುತ್ತಿತ್ತು. "ಮೀಟರ್ ಮಾಡಿದ್ದು ಕಿವಿ ಇಲ್ಲದವರಿಗೆ. ನನಗ ದೇವರು ಎರಡು ಕೊಟ್ಟಾನ," ಅನ್ನುತ್ತಿದ್ದ. ಬಂದ ಗಿರಾಕಿ ಬಾಯಿ ಮುಚ್ಚಿಕೊಂಡು ಮಷೀನು ಕೆಳಗಿಡುತ್ತಿದ್ದ.

ಲಗ್ಗೆರೆಯಲ್ಲಿ ಹಿಟ್ಟಿನ ಗಿರಣಿಗೂ ಕಿಟಕಿ ಗ್ರಿಲ್ ವೆಲ್ಡಿಂಗ್ ಮಾಡುವವನಿಗೂ ನಡುವೆ ಅವನ ಅಂಗಡಿ. ಅಗಲ ಹತ್ತಡಿ ಇದ್ದರೆ ಹೆಚ್ಚು. ಷಟರು ಅರ್ಧಕ್ಕೆ ಬಂದು ನಿಲ್ಲುತ್ತದೆ, ಉಳಿದರ್ಧಕ್ಕೆ ಭುಜ ಕೊಡಬೇಕು. ಔಷಧಿ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಮಷೀನು, ಮರ ಕೊಯ್ಯುವ ಚೈನ್ ಮಷೀನು, ಹೀಗೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಯಾವ ಸಣ್ಣ ಇಂಜಿನ್ನು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು. ಮುದಕಪ್ಪ ಹುನಗುಂದದ ಕಡೆಯವನು. ಏಳನೇ ಕ್ಲಾಸಿಗೆ ಶಾಲೆಗೆ ಶರಣು ಹೊಡೆದು ಬಂದವನು ಪೀಣ್ಯದ ಒಂದು ಷೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ಸಿನ ಪಕ್ಕ ಹದಿಮೂರು ವರ್ಷ ನಿಂತ. ಆ ಪ್ರೆಸ್ಸು ನಿಮಿಷಕ್ಕೆ ನಲವತ್ತು ಸಲ ಬೀಳುತ್ತಿತ್ತು. ಕಿವಿಗೆ ಹತ್ತಿಯಾದರೂ ಇಟ್ಟುಕೊಳ್ಳೋ ಎಂದು ಯಾವ ಸೂಪರ್‌ವೈಸರನೂ ಹೇಳಲಿಲ್ಲ. ಹೇಳಿದ್ದರೂ ಆ ವಯಸ್ಸಿನಲ್ಲಿ ಅವನು ಕೇಳುವ ಪೈಕಿ ಅಲ್ಲ.

ಚೈನ್ ಮಷೀನಿನ ಕೆಲಸ ಎಲ್ಲ ಇರುವುದು ಪೆಟ್ರೋಲು ಹೆಚ್ಚು ಕಮ್ಮಿ ಮಾಡುವ ಕೊನೆಯ ಒಂದು ಸ್ಕ್ರೂನಲ್ಲಿ. ಬಿಚ್ಚುವುದನ್ನು, ಕಟ್ಟುವುದನ್ನು ಯಾರಾದರೂ ಕಲಿಯಬಹುದು. ಪೆಟ್ರೋಲು ಕಮ್ಮಿಯಾಗಿ ಗಾಳಿ ಜಾಸ್ತಿಯಾದರೆ ಮಷೀನು ತೆಳ್ಳಗೆ ಚೀರುತ್ತದೆ. ಕೇಳಿದವರಿಗೆ ಅಬ್ಬಾ ಏನು ಜೋರು ಅನ್ನಿಸುತ್ತದೆ, ಒಳಗೆ ನೋಡಿದರೆ ಪಿಸ್ಟನ್ನು ಸುಡುತ್ತಿರುತ್ತದೆ. ಪೆಟ್ರೋಲು ಸರಿಯಾಗಿ ಸಿಕ್ಕರೆ ಖಾಲಿ ಓಡುವಾಗ ಗುಳುಗುಳು ಅನ್ನುತ್ತದೆ, ಬಾಯಲ್ಲಿ ನೀರು ತುಂಬಿಕೊಂಡು ಮಾತಾಡಿದ ಹಾಗೆ. ಮರಕ್ಕೆ ಇಟ್ಟ ಕೂಡಲೇ ಆ ಗುಳುಗುಳು ಕರಗಿ ಸದ್ದು ನುಣ್ಣಗಾಗುತ್ತದೆ. ಈ ಎರಡರ ನಡುವೆ ಸ್ಕ್ರೂ ತಿರುಗುವುದು ಕೂದಲೆಳೆಯಷ್ಟು. ಆ ಕೂದಲೆಳೆಯನ್ನು ಮುದಕಪ್ಪ ಕಣ್ಣು ಮುಚ್ಚಿ ಹಿಡಿಯುತ್ತಿದ್ದ. ಅವನ ಹೆಸರು ನಿಂತದ್ದು ಅದರ ಮೇಲೆ.

ಆ ಹೆಸರನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಜಿಗಣಿಯ ಸಂಗಣ್ಣ. ಹುನಗುಂದದ ಕಡೆ ಇವನ ಪಕ್ಕದೂರಿನವನೇ, ಮರ ಕೊಯ್ಯುವ ಗುತ್ತಿಗೆ ಮಾಡುವವನು. ರಸ್ತೆ ಅಗಲ ಮಾಡುವಾಗ, ಫ್ಯಾಕ್ಟರಿಗೆ ಹೊಸ ಷೆಡ್ಡು ಏಳುವಾಗ, ಗಾಳಿಗೆ ಮರ ಉರುಳಿದಾಗ ಅವನ ಗ್ಯಾಂಗಿಗೆ ಫೋನು ಬರುತ್ತಿತ್ತು. ಗ್ಯಾಂಗೆಂದರೆ ಆರೇಳು ಆಳು ಮತ್ತು ಹೆಂಡತಿ ಸಿದ್ದಕ್ಕ. ಸಿದ್ದಕ್ಕನದು ಪೆಟ್ರೋಲಿನ ಕೆಲಸ. ಲೀಟರು ಪೆಟ್ರೋಲಿಗೆ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ನಾಲ್ಕು ಮುಚ್ಚಳ ಎಣ್ಣೆ. ಅಳೆದು ಸುರಿದು, ಬಾಟಲಿಯನ್ನು ಕೂಸು ತೂಗಿದಂತೆ ಅತ್ತಿತ್ತ ಅಲುಗಿಸಿ, ಬೆಳಕಿಗೆ ಹಿಡಿದು ಬಣ್ಣ ನೋಡಿ, ಆಮೇಲೇ ಮಷೀನಿಗೆ ಹಾಕುವುದು. ಎಣ್ಣೆ ತಪ್ಪಿದರೆ ಮಷೀನು ಒಂದು ನಿಮಿಷದಲ್ಲಿ ಹೆಣ. ಅದಕ್ಕೇ ಪೆಟ್ರೋಲಿನ ಕ್ಯಾನನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಆಳುಗಳು ಅವಳನ್ನು ಸಾಹುಕಾರ್ತಿ ಎಂದು ಕರೆಯುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ಹದಿನೇಳು ವರ್ಷದಲ್ಲಿ ಅವಳ ಕೈಯಿಂದ ಒಂದು ಮಷೀನೂ ಸುಟ್ಟಿರಲಿಲ್ಲ.

ಎರಡು ವರ್ಷದಿಂದ ಮುದಕಪ್ಪನ ಕಿವಿ ಹೋಗುತ್ತಿತ್ತು.

ಹೋಗುವುದೂ ಒಂದು ಕ್ರಮದಲ್ಲಿ. ಮೊದಲು ತೆಳ್ಳನೆಯ ಸದ್ದುಗಳು ಹೋದವು. ಮನೆಯಲ್ಲಿ ಒಬ್ಬನೇ ಕೂತಿದ್ದಾಗ ಒಂದು ದಿನ ಕುಕ್ಕರು ಆರೇಳು ಸೀಟಿ ಹೊಡೆದು ಬೇಳೆ ತಳ ಹಿಡಿಯಿತು. ಹೆಂಡತಿ ಮಹಾದೇವಿ ಬಟ್ಟೆ ಒಣಹಾಕಿ ತಾರಸಿಯಿಂದ ಓಡಿ ಬಂದಳು. "ಇಲ್ಲೇ ಕುಂತೀರಿ, ಸೀಟಿ ಕೇಳಸ್ಲಿಲ್ಲೇನ್ರಿ?"

"ಸೀಟಿ ಕೆಟ್ಟೈತಿ. ಹೊಡದಿಲ್ಲ ಅದು."

"ನಾ ಮ್ಯಾಲಿಂದ ಕೇಳೇನಿ!"

"ಮ್ಯಾಲಿದ್ದಾಕಿಗೆ ಕೇಳಿದ್ದು ಬಾಜೂಕ ಕುಂತಾಂವಗ ಕೇಳಸಂಗಿಲ್ಲೇನು? ಕೆಟ್ಟೈತಿ ಅಂದ್ರ ಕೆಟ್ಟೈತಿ!" ಎಂದು ಗದರಿ ಆ ಸೀಟಿಯನ್ನು ಅಂಗಡಿಗೆ ಒಯ್ದು, ಸೀಮೆಎಣ್ಣೆಯಲ್ಲಿ ತೊಳೆದು, ತೂತಿಗೆ ತಂತಿ ಹಾಕಿ ತಿಕ್ಕಿ ತಂದುಕೊಟ್ಟ. ಮಹಾದೇವಿ ಅದನ್ನು ಕುಕ್ಕರಿನ ಮೇಲಿಟ್ಟು ಅವನ ಮುಖ ನೋಡಿದಳು. ಅವತ್ತಿನಿಂದ ಅವನೊಬ್ಬನನ್ನೇ ಬಿಟ್ಟು ಒಲೆ ಹಚ್ಚಿ ಹೊರಗೆ ಹೋಗುವುದನ್ನು ನಿಲ್ಲಿಸಿದಳು.

ಅಂಗಡಿಯಲ್ಲಿ ಅವನು ಒಂದು ದಾರಿ ಹುಡುಕಿಕೊಂಡ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಹಚ್ಚಿ ಕೇಳುವುದು ಮೆಕ್ಯಾನಿಕ್ಕುಗಳೆಲ್ಲ ಮಾಡುವ ಕೆಲಸ. ಇವನು ಆ ಹಿಡಿಯನ್ನು ಹಲ್ಲಲ್ಲಿ ಕಚ್ಚತೊಡಗಿದ. ಇಂಜಿನ್ನಿನ ನಡುಕ ಹಲ್ಲಿನಿಂದ ದವಡೆಗೆ ಹತ್ತಿ ತಲೆಬುರುಡೆ ತುಂಬುತ್ತಿತ್ತು. ಕೇಳಿದಂತೆಯೇ ಆಗುತ್ತಿತ್ತು. ಬೇರಿಂಗು ಸವೆದದ್ದು, ಪಿನ್ನು ಸಡಿಲಾದದ್ದು ಮೊದಲಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು. ನೋಡಿದವರು ಇದೇನೋ ಹೊಸ ವಿದ್ಯೆ ಎಂದುಕೊಂಡರು. ಅವನೂ ಹಾಗೇ ಅಂದುಕೊಂಡ. ಚಿಕ್ಕ ಮಷೀನುಗಳಿಗೆ ಅಷ್ಟು ಸಾಕಾಗಿತ್ತು. ಕಂಪನಿಯವರೇ ಅವುಗಳ ಸ್ಕ್ರೂಗೆ ಮಿತಿ ಇಟ್ಟಿರುತ್ತಾರೆ, ಹೆಚ್ಚು ತಪ್ಪಲು ಜಾಗವೇ ಇರುವುದಿಲ್ಲ.

ಏಪ್ರಿಲಿನ ಗಾಳಿಮಳೆಗೆ ಜಿಗಣಿಯ ಒಂದು ಗ್ರಾನೈಟ್ ಫ್ಯಾಕ್ಟರಿಯ ಹಿಂದೆ ಹುಣಸೆಮರ ಬಿತ್ತು. ಫ್ಯಾಕ್ಟರಿ ಬರುವ ಮೊದಲು, ಊರು ಊರಾಗಿದ್ದ ಕಾಲದ ಮರ. ಬೊಡ್ಡೆಗೆ ಇಬ್ಬರು ತೋಳು ಹಾಕಿದರೂ ಕೈ ಕೂಡುತ್ತಿರಲಿಲ್ಲ. ಅದು ಕಾಂಪೌಂಡು ಒಡೆದು ಲಾರಿ ದಾರಿಗೆ ಅಡ್ಡ ಮಲಗಿತ್ತು. ಹುಣಸೆ ಕೊಯ್ದವರಿಗೆ ಗೊತ್ತು ಅದರ ಹಟ. ಹೊರಗಿನ ಬಿಳಿ ಭಾಗ ದಾಟಿದ ಮೇಲೆ ಒಳಗಿನ ಕಪ್ಪು ತಿರುಳು ಕಬ್ಬಿಣವೇ. ಸಂಗಣ್ಣನ ಎರಡೂ ಮಷೀನು ಒಂದು ಗೇಣು ಇಳಿದು ಹೊಗೆ ಬಿಟ್ಟು ಸುಮ್ಮನಾದವು. ಜೆಸಿಬಿಯವನು ಬಂದು ಕೊಕ್ಕೆ ಹಾಕಿ ಎಳೆದು, ಹಲ್ಲು ಮುರಿದುಕೊಂಡು ವಾಪಸು ಹೋದ.

ಮಾರನೇ ಬೆಳಿಗ್ಗೆ ಸಂಗಣ್ಣ ಗೋಣಿಚೀಲದಲ್ಲಿ ಒಂದು ಹೆಣದಂಥದ್ದನ್ನು ಹೊತ್ತು ಲಗ್ಗೆರೆಗೆ ಬಂದ. ಮುಚ್ಚಿಹೋದ ಪ್ಲೈವುಡ್ ಮಿಲ್ಲಿನ ಗುಜರಿಯಲ್ಲಿ ಸಿಕ್ಕ ಹಳೇ ಚೈನ್ ಮಷೀನು. ಹೊರದೇಶದ್ದು, ನೂರು ಸಿಸಿ ದಾಟಿದ ಇಂಜಿನ್ನು, ಎತ್ತಿದರೆ ಸೊಂಟ ಹಿಡಿಯುವ ತೂಕ. ಒಳಗೆ ಪಿಸ್ಟನ್ನು ಸಿಲಿಂಡರಿಗೆ ಅಂಟಿಕೊಂಡಿತ್ತು.

"ಎಬ್ಬಸ್ತೀಯೇನಣ್ಣಾ ಇದನ್ನ?"

ಮುದಕಪ್ಪ ಅದರ ಮೈಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದ. "ಬರೇ ಎಬ್ಬಸೂದಲ್ಲೋ. ಹುಚ್ಚು ಹಿಡಸ್ತೇನಿ ಇದಕ್ಕ."

"ಹುಚ್ಚು ಹಿಡಿಸಿ ನನ್ನ ಕೈಯಾಗ ಕೊಡಾಂವ ನೀ. ಸ್ವಲ್ಪ ಬುದ್ಧಿನೂ ಇಡು."

"ಬುದ್ಧಿ ಬೇಕಂದ್ರ ಮಾಸ್ತರ ಕಡೆ ಹೋಗು," ಎಂದ ಮುದಕಪ್ಪ. ಇಬ್ಬರೂ ನಕ್ಕರು. ಆ ವಾರ ಅವನು ನಕ್ಕದ್ದು ಅದೊಂದೇ ಸಲ.

ಐದು ದಿನ ಬೇರೆ ಗಿರಾಕಿಯನ್ನು ಹತ್ತಿರ ಸೇರಿಸಲಿಲ್ಲ. ಸಿಲಿಂಡರಿನ ಗೋಡೆಗೆ ಕರಗಿ ಅಂಟಿದ್ದ ಅಲ್ಯುಮಿನಿಯಮ್ಮನ್ನು ಕಕ್ಕಸು ತೊಳೆಯುವ ಆಸಿಡ್ಡಿನಿಂದ, ಕಿವಿ ಒರೆಸುವ ಹತ್ತಿಕಡ್ಡಿ ಅದ್ದಿ ಅದ್ದಿ, ಗೆರೆ ಗೆರೆಯಾಗಿ ತೆಗೆದ. ಆಸಿಡ್ಡು ಒಂದು ತೊಟ್ಟು ಆಚೆ ಈಚೆ ಆಗಿದ್ದರೆ ಸಿಲಿಂಡರು ತಿಪ್ಪೆಗೆ. ಬೇರಿಂಗು, ಸೀಲು ಪೀಣ್ಯದಲ್ಲಿ ಸಿಕ್ಕವು, ಪಿಸ್ಟನ್ನು ಬೊಂಬಾಯಿಯಿಂದ ಕೊರಿಯರಿನಲ್ಲಿ ಬಂತು. ಹೊಗೆ ಹೊರಡುವ ಕಿಂಡಿಯನ್ನು ಸಣ್ಣ ಗ್ರೈಂಡರಿನಿಂದ ಅಕ್ಕಿಕಾಳಿನಷ್ಟು ಅಗಲ ಮಾಡಿ, ಪಿಸ್ಟನ್ನಿನ ರಿಂಗು ಸಿಕ್ಕಿಕೊಳ್ಳದಂತೆ ಅಂಚನ್ನು ನಯ ಮಾಡಿದ. ಸಿಲಿಂಡರಿನ ಅಡಿಯ ಗ್ಯಾಸ್ಕೆಟ್ಟು ಕಿತ್ತು ಬಿಸಾಕಿದ, ಒಳಗಿನ ಒತ್ತಡ ಏರಲೆಂದು. ಹಾಗೆ ಮಾಡಿದಾಗ ಪಿಸ್ಟನ್ನು ಸಿಲಿಂಡರಿನ ತಲೆಗೆ ಬಡಿಯಬಾರದಲ್ಲ. ಪ್ಲಗ್ಗಿನ ತೂತಿನಿಂದ ಬೆಸುಗೆಯ ಮೆತ್ತನೆ ತಂತಿ ಇಳಿಬಿಟ್ಟು, ಕೈಯಲ್ಲಿ ಇಂಜಿನ್ನು ತಿರುಗಿಸಿ, ಚಪ್ಪಟೆಯಾದ ತಂತಿಯ ದಪ್ಪ ಅಳೆದ. ಸರಿಯಾಗಿತ್ತು. ಸೈಲೆನ್ಸರಿಗೆ ಇನ್ನೊಂದು ಬಾಯಿ ಕೊರೆದು ಪಕ್ಕದವನಿಂದ ಪೈಪು ಬೆಸೆಸಿದ. ಚೈನು ಸುತ್ತಿ ಓಡುವ ಮೂರಡಿ ಉದ್ದದ ಕಬ್ಬಿಣದ ಬಾರು ಹಾಕಿ, ಚೈನಿನ ಹಲ್ಲುಗಳ ಓರೆಯನ್ನು ಗಟ್ಟಿ ಮರಕ್ಕೆ ತಕ್ಕಂತೆ ಮೊಂಡು ಮಾಡಿ ಅರದಿಂದ ಉಜ್ಜಿದ. ಈ ಕೆಲಸದಲ್ಲಿ ಒಂದು ತಪ್ಪು ಹುಡುಕಲಿ ಯಾರಾದರೂ, ಇರಲಿಲ್ಲ.

ಆದರೆ ಇಷ್ಟೆಲ್ಲ ಬಿಡಿಸಿ ಅಗಲ ಮಾಡಿದ ಇಂಜಿನ್ನು ಮೊದಲಿಗಿಂತ ಹೆಚ್ಚು ಗಾಳಿ ಎಳೆಯುತ್ತದೆ. ಅದಕ್ಕೆ ಹೆಚ್ಚು ಪೆಟ್ರೋಲು ಬಿಡಬೇಕು. ಎಷ್ಟು ಹೆಚ್ಚು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಸ್ಕ್ರೂಗೆ ಮಿತಿಯೂ ಇಲ್ಲ.

ಶುಕ್ರವಾರ ಮಧ್ಯಾಹ್ನ ಅಂಗಡಿಯ ಮುಂದೆ ಮಷೀನು ಎದ್ದಿತು. ಹಗ್ಗದ ಎರಡನೇ ಎಳೆತಕ್ಕೇ. ಗಿರಣಿಯ ಲಕ್ಷ್ಮಮ್ಮ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದಳು. ಮುದಕಪ್ಪ ಆಕ್ಸಿಲರೇಟರು ಪೂರ್ತಿ ಒತ್ತಿ, ಸ್ಕ್ರೂಡ್ರೈವರು ಕಚ್ಚಿ, ತುದಿಯನ್ನು ಸಿಲಿಂಡರಿಗೆ ಒತ್ತಿದ. ಅಷ್ಟು ದೊಡ್ಡ ಪಿಸ್ಟನ್ನಿನ ನಡುಕ ಹಲ್ಲುಗಳಲ್ಲಿ ಗುಳುಗುಳು ಎಂದು ಉರುಳಿತು. ಹಾ, ಪೆಟ್ರೋಲು ಸಾಕಷ್ಟಿದೆ, ಇನ್ನೂ ಸ್ವಲ್ಪ ಕಮ್ಮಿ ಮಾಡಬಹುದು. ಸ್ಕ್ರೂ ಬಿಗಿ ಮಾಡಿದ. ಗುಳುಗುಳು ಹಾಗೇ ಇತ್ತು. ಇನ್ನೊಂದು ಕೂದಲೆಳೆ ಬಿಗಿ ಮಾಡಿದ. ಹಲ್ಲಿಗೆ ಹತ್ತುತ್ತಿದ್ದುದು ದಪ್ಪ ನಡುಕವಷ್ಟೆ, ಹೊರಗಿನ ಗಾಳಿಯಲ್ಲಿ ಮಷೀನು ತೆಳ್ಳಗೆ ಚೀರುತ್ತಿತ್ತು. ಲಕ್ಷ್ಮಮ್ಮನಿಗೆ ಕೇಳುತ್ತಿತ್ತು, ಹೋಗುವ ಬರುವ ಆಟೋದವರಿಗೂ ಕೇಳುತ್ತಿತ್ತು. ಕೇಳಬೇಕಾದವನಿಗೆ ಕೇಳಲಿಲ್ಲ.

ಸೋಮವಾರ ಹುಣಸೆಯ ಬೊಡ್ಡೆಗೆ ಮಷೀನು ಇಟ್ಟರು. ಮೊದಲ ಹತ್ತು ನಿಮಿಷ ಬೆಣ್ಣೆ ಕೊಯ್ದ ಹಾಗೆ ಹೋಯಿತಂತೆ. ಆಳುಗಳು ಕೇಕೆ ಹಾಕಿದರು, ಫ್ಯಾಕ್ಟರಿಯವರು ಮೊಬೈಲು ಹಿಡಿದು ವಿಡಿಯೊ ಮಾಡಿಕೊಂಡರು. ಕಪ್ಪು ತಿರುಳಿನ ನಡುಮಧ್ಯೆ ಮಷೀನು ಒಮ್ಮೆಲೇ ಕಕ್ ಎಂದು ನಿಂತಿತು. ಹಗ್ಗ ಎಳೆದರೆ ಬರಲಿಲ್ಲ. ಬಾರು ಮರದೊಳಗೇ ಕಚ್ಚಿಕೊಂಡಿತ್ತು, ಅದನ್ನು ಬಿಡಿಸಲು ಬೆಣೆ ಹೊಡೆದು ಹೊಡೆದು ಸಂಜೆಯಾಯಿತು.

ಸಂಗಣ್ಣ ರಾತ್ರಿಯೇ ಮಷೀನು ತಂದು ಬೆಂಚಿನ ಮೇಲಿಟ್ಟ. ಮುದಕಪ್ಪ ಸೈಲೆನ್ಸರು ಬಿಚ್ಚಿ ಟಾರ್ಚು ಹಾಕಿದ. ಹೊಗೆ ಹೋಗುವ ಬದಿಯಲ್ಲಿ ಪಿಸ್ಟನ್ನು ಮೇಲಿಂದ ಕೆಳಗೆ ಉಗುರಿನಿಂದ ಪರಚಿದಂತೆ ಆಗಿತ್ತು. ಸಿಲಿಂಡರು ಬಿಚ್ಚಿ ಒಳಗೆ ಬೆರಳು ಹಾಕಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕು ಮುಟ್ಟಿದ. ಬೆರಳಿಗೆ ಎಣ್ಣೆ ಹತ್ತಿತು, ಬೇಕಾದಷ್ಟು. ಎಣ್ಣೆ ಇಲ್ಲದೆ ಸುಟ್ಟದ್ದಾದರೆ ಪಿಸ್ಟನ್ನಿನ ಸುತ್ತಲೂ ಗೀರು ಇರಬೇಕು, ಕ್ರ್ಯಾಂಕು ಒಣಗಿರಬೇಕು. ಇದು ಪೆಟ್ರೋಲಿನ ಹಸಿವಿನಿಂದ ಸತ್ತದ್ದು. ಸ್ಕ್ರೂ ಬಿಗಿ ಮಾಡಿದವನ ಕೈಯಿಂದ ಸತ್ತದ್ದು. ಒಂದು ನಿಮಿಷವೂ ಬೇಕಾಗಲಿಲ್ಲ ಅವನಿಗೆ ಅದನ್ನು ಓದಲು.

"ಏನಾಗೇತಿ?" ಸಂಗಣ್ಣ ಕೇಳಿದ.

ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಮುದಕಪ್ಪ ಹೇಳಿದ, "ಎಣ್ಣಿ ಬಿದ್ದಿಲ್ಲ."

"ಏನು?"

"ಪೆಟ್ರೋಲಿಗೆ ಎಣ್ಣಿ ಕೂಡಿಸಿಲ್ಲಲೇ. ಬರೇ ಪೆಟ್ರೋಲ್ ಹಾಕ್ಯಾರ. ಯಾರು ಕೂಡಸ್ತಾರ ನಿಮ್ಮಲ್ಲಿ, ಅವರನ್ನ ಕೇಳು."

ಯಾರು ಕೂಡಿಸುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಸಂಗಣ್ಣ ಟವಲು ಹೆಗಲಿಗೆ ಎಸೆದುಕೊಂಡು ಎದ್ದು ಹೋದ.

ಮೂರನೇ ದಿನ ಮುದಕಪ್ಪ ರಸ್ತೆಗೆ ಬೆನ್ನು ಹಾಕಿ ಕೂತು ಆ ಪಿಸ್ಟನ್ನನ್ನೇ ಕೈಯಲ್ಲಿ ತಿರುಗಿಸುತ್ತಿದ್ದ. ಬೆಂಚಿನ ಮೇಲೆ ನೆರಳು ಬಿದ್ದಾಗ ತಿರುಗಿದ. ಸಿದ್ದಕ್ಕ ನಿಂತಿದ್ದಳು. ಜಿಗಣಿಯಿಂದ ಮೂರು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಯಾವಾಗ ಬಂದಿ ತಂಗಿ?"

ಅವಳು ಚೀಲದಿಂದ ಅರ್ಧ ಪೆಟ್ರೋಲಿದ್ದ ನೀರಿನ ಬಾಟಲಿ ತೆಗೆದಳು. ಬೆಂಚಿನ ಮೇಲೆ ಬಿದ್ದಿದ್ದ ಯಾರದೋ ಮದುವೆ ಕಾಗದವನ್ನು ಮಗುಚಿ, ಬಿಳಿ ಬೆನ್ನಿನ ಮೇಲೆ ಒಂದು ಮುಚ್ಚಳದಷ್ಟು ಸುರಿದಳು. ಇಬ್ಬರೂ ನೋಡುತ್ತ ನಿಂತರು. ಪೆಟ್ರೋಲು ಹಾರಿಹೋಯಿತು. ಕಾಗದದ ಮೇಲೆ ಎಣ್ಣೆಯ ಕಲೆ ಉಳಿಯಿತು, ಹೋಳಿಗೆ ಇಟ್ಟು ತೆಗೆದ ಹಾಗೆ.

"ಅವತ್ತು ಉಳಿದಿದ್ದು ಅಣ್ಣಾರ. ಅದ ಬಾಟ್ಲಿ. ಎಣ್ಣಿ ಐತೋ ಇಲ್ಲೋ?"

ಮುದಕಪ್ಪ ಕಲೆಯನ್ನೇ ನೋಡಿದ.

"ಮಂದಿ ಮುಂದ ನನ್ನ ಕ್ಯಾನ್ ಕಸಗೊಂಡಾನ ಅವ. ಒಂದು ಕೆಲಸ ಕೊಟ್ಟೆ, ಅದನ್ನೂ ಮಾಡಾಕ ಬರಲಿಲ್ಲ ನಿನಗ, ಅಂದ. ಈಗ ಟೊಂಗಿ ಹೊರಾಕತ್ತೇನಿ. ಹೊರೂದಕ್ಕ ನಾಚಿಕಿಲ್ಲ. ನಿನ್ನೆ ಬಂದ ಹುಡುಗೂರು ನನ್ನ ನೋಡಿ ನಗ್ತಾವ." ಅವಳ ಧ್ವನಿ ಏರಲಿಲ್ಲ. ಅವನು ಅವಳ ತುಟಿಗಳನ್ನು ನೋಡುತ್ತ ಕೇಳಿಸಿಕೊಳ್ಳುತ್ತಿದ್ದ. ಅವಳಿಗೆ ಅದೂ ಗೊತ್ತಾಯಿತು. "ಹೊರಗ ನಿಂತು ಮೂರು ಸಲ ಕರದೆ ನಿಮ್ಮನ್ನ. ಗಿರಣ್ಯಾಕಿ ಎದ್ದು ಬಂದು ನೋಡಿದ್ಲು. ನೀವು ನೋಡ್ಲಿಲ್ಲ."

ಸಿಟ್ಟು ಬಂದದ್ದು ಅಲ್ಲಿ. ಸಿಕ್ಕಿಬಿದ್ದವನಿಗೆ ಬರುವ ಸಿಟ್ಟು ಅದು, ಎಲ್ಲಕ್ಕಿಂತ ಹೊಲಸು. "ಏನ್ ಹೇಳಾಕತ್ತಿ ನೀ? ಕಿವುಡ ಅಂತೀಯೇನು ನನಗ? ನಾಕು ಮುಚ್ಚಳ ಎಣ್ಣಿ ಅಳದ ಕೂಡ್ಲೆ ನನಗ ಮಷೀನ್ ಕಲಸಾಕ ಬಂದಿಯೇನು? ನಡಿ! ನಡಿ ಇಲ್ಲಿಂದ!"

ವೆಲ್ಡಿಂಗಿನವನು ಕೆಲಸ ನಿಲ್ಲಿಸಿ ಕನ್ನಡಕ ಎತ್ತಿದ. ಸಿದ್ದಕ್ಕ ಬಾಟಲಿಯ ಮುಚ್ಚಳ ತಿರುವಿ ಹಾಕಿದಳು. "ನಾ ಯಾರಿಗೂ ಹೇಳಂಗಿಲ್ಲ," ಎಂದಳು. "ನಾ ಹೇಳಿದ್ರ ಹೆಂಗಸು ತನ್ನ ತಪ್ಪು ಮುಚ್ಚಾಕ ಹೇಳ್ತಾಳ ಅಂತಾರ. ನೀವ ಹೇಳಬೇಕು." ಬಾಟಲಿಯನ್ನು ಅಲ್ಲೇ ಬಿಟ್ಟು ಹೋದಳು.

ಮನೆಯಲ್ಲಿ ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅವನು ತಟ್ಟೆಯ ಮುಂದೆ ಕೂತು ಒಂದು ತುತ್ತು ಮುರಿದು ಹಾಗೇ ಇಟ್ಟ. ನಡೆದದ್ದನ್ನೆಲ್ಲ ಹೇಳಿದ, ಎಣ್ಣೆಯ ಸುಳ್ಳನ್ನೂ ಸೇರಿಸಿ. ಕಿವಿಯ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಮಹಾದೇವಿ ಹಿಟ್ಟಿನ ಕೈ ಒರೆಸಿಕೊಂಡು ಅವನ ಎದುರಿಗೆ, ಮುಖ ಕಾಣುವಂತೆ, ಬಂದು ಕೂತಳು. ಎರಡು ವರ್ಷದಿಂದ ಅವಳು ಮಾತಾಡುವುದಿದ್ದರೆ ಹೀಗೇ ಎದುರಿಗೆ ಬಂದು ಕೂರುತ್ತಿದ್ದಳೆಂದು ಅವನಿಗೆ ಆಗ ಹೊಳೆಯಿತು.

"ಸೀಟಿ ಕೆಟ್ಟಿದ್ದಿಲ್ಲರಿ," ಎಂದಳು ಮೆತ್ತಗೆ.

ಅವನು ಅವಳ ತುಟಿ ನೋಡಿ ತಿಳಿದುಕೊಂಡ. ತಟ್ಟೆ ಸರಿಸಿದ.

"ಇದನ್ನ ಹೇಳಿದ್ರ ಅಂಗಡ್ಯಾಗ ನನ್ನ ಕೆಲಸ ಏನೈತಿ ಮಾದೇವಿ? ನಟ್ ಬಿಚ್ಚೂದು, ನಟ್ ಹಾಕೂದು. ಅದನ್ನ ಯಾವ ಕೂಸರ ಮಾಡ್ತೈತಿ."

"ಮಾಡ್ಲಿ ಬಿಡ್ರಿ. ಆ ಹೆಣ್ಮಗಳು ಟೊಂಗಿ ಹೊರಾಕತ್ತಾಳಲ್ಲ, ಅದು?"

ಅವನು ಮಾರನೇ ಬೆಳಿಗ್ಗೆ ಅಂಗಡಿಯ ಬೀಗ ತೆಗೆಯದೆ ನೇರ ಬಸ್ ಸ್ಟ್ಯಾಂಡಿಗೆ ಹೋದ.

ಜಿಗಣಿಯ ಫ್ಯಾಕ್ಟರಿಯ ಹಿಂದೆ ಹುಣಸೆ ಇನ್ನೂ ಮಲಗಿತ್ತು. ಬಾಡಿಗೆಗೆ ತಂದ ಎರಡು ಚಿಕ್ಕ ಮಷೀನಿನಿಂದ ಎರಡೂ ಬದಿಯಿಂದ ಇಲಿ ಕೊರೆದ ಹಾಗೆ ಕೊರೆಯುತ್ತಿದ್ದರು. ಕಲ್ಲಿನ ಧೂಳಿನ ಮೇಲೆ ಮರದ ಧೂಳು ಬಿದ್ದು ಅಂಗಳವೆಲ್ಲ ಕಂದು ಬಿಳಿಯ ಹಾಸಾಗಿತ್ತು. ಸಿದ್ದಕ್ಕ ತಲೆಯ ಮೇಲೆ ಸಿಂಬಿ ಇಟ್ಟು ಟೊಂಗೆಯ ಹೊರೆ ಹೊತ್ತು ಲಾರಿಯ ಕಡೆ ನಡೆಯುತ್ತಿದ್ದಳು. ಅವನನ್ನು ಕಂಡು ನಿಲ್ಲಲಿಲ್ಲ.

ಮುದಕಪ್ಪ ಸಂಗಣ್ಣನನ್ನು ಗೋಡೆಯ ಮೂಲೆಗೆ ಕರೆದ. ಗುಟ್ಟಾಗಿ ಹೇಳಿ ಮುಗಿಸೋಣವೆಂದು ಬಂದಿದ್ದ. ಆದರೆ ಕಿವಿ ಹೋದವನಿಗೆ ತನ್ನ ಗುಟ್ಟಿನ ಧ್ವನಿ ಎಷ್ಟೆಂದು ಹೇಗೆ ಗೊತ್ತಾಗಬೇಕು? ಮಷೀನುಗಳ ಸದ್ದನ್ನೂ ಮೀರಿ ಅವನ ಮಾತು ಅಂಗಳಕ್ಕೆಲ್ಲ ಬಿತ್ತು.

"ಎಣ್ಣಿ ಇತ್ತೋ ಸಂಗಣ್ಣ! ಆಕಿ ಬರೋಬ್ಬರಿ ಹಾಕಿದ್ಲು! ಸ್ಕ್ರೂ ತಿರುವಿದಾಂವ ನಾ! ನನಗ ಕಿವಿ ಕೇಳಸಂಗಿಲ್ಲ!"

ಆಳುಗಳು ಒಬ್ಬೊಬ್ಬರಾಗಿ ಆಕ್ಸಿಲರೇಟರು ಬಿಟ್ಟರು. ಎರಡೂ ಮಷೀನು ನಿಂತವು. ಅಂಗಳ ಮೌನವಾದದ್ದೂ ಮುದಕಪ್ಪನಿಗೆ ಗೊತ್ತಾಗಲಿಲ್ಲ. ಎಲ್ಲರ ಮುಖ ತನ್ನ ಕಡೆ ತಿರುಗಿದಾಗ ಗೊತ್ತಾಯಿತು.

ಸಂಗಣ್ಣ ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡವನು ಟವಲು ಕೆಳಗಿಳಿಸಲೇ ಇಲ್ಲ, ಮುಖದ ಮೇಲೇ ಹಿಡಿದುಕೊಂಡು ನಿಂತ. ಹೊರೆ ಇಳಿಸಿದ ಸಿದ್ದಕ್ಕ ಸಿಂಬಿಯನ್ನು ಕೈಯಲ್ಲಿ ಹಿಡಿದೇ ಹತ್ತಿರ ಬಂದಳು. ಮುದಕಪ್ಪನ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಇನ್ನೊಮ್ಮೆ ಹೇಳ್ರಿ ಅಣ್ಣಾರ. ಲಾರಿ ಮ್ಯಾಲಿನ ಹುಡುಗೂರಿಗೆ ಕೇಳಸಿಲ್ಲ."

ಅವನ ಕಿವಿ, ಕತ್ತು ಕೆಂಪಾಯಿತು. ಬೇರೆ ದಿನವಾಗಿದ್ದರೆ ಅವಳನ್ನು ತಿಂದುಬಿಡುತ್ತಿದ್ದ. ಲಾರಿಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದ, ಮೊದಲಿನಷ್ಟೇ ಜೋರಾಗಿ. ಲಾರಿಯ ಮೇಲಿದ್ದವರು ತಲೆ ಕೆಳಗೆ ಹಾಕಿದರು.

"ಹದಿನೇಳು ವರ್ಷ," ಎಂದ ಸಂಗಣ್ಣ ಕೊನೆಗೆ. "ಆಕಿ ಮಾತು ಬಿಟ್ಟು ನಿನ್ನ ಮಾತು ಹಿಡದ್ನಲ್ಲೋ ನಾನು. ಮಷೀನ್ ಹೋದ್ರ ಹೋಗ್ಲಿ. ಮನ್ಯಾಗ ಆಕಿ ಮುಂದ ಹೆಂಗ ಕುಂದ್ರಲಿ ಈಗ?" ಬೈದಿದ್ದರೆ ಮುದಕಪ್ಪನಿಗೆ ಹಗುರಾಗುತ್ತಿತ್ತು. ಸಂಗಣ್ಣ ಬೈಯಲಿಲ್ಲ. "ಹೊಸ ಪಿಸ್ಟನ್ ಹಾಕಿ ಕಟ್ಟಿ ಕೊಡು. ಸ್ಕ್ರೂ ಮುಟ್ಟಬ್ಯಾಡ. ಕಾಡುಗೋಡಿ ಮೆಕ್ಯಾನಿಕ್ ವಿನಾಯಕನ ಕಡೆ ಮೀಟರ್ ಐತಿ."

ಸಿದ್ದಕ್ಕ ಆಗಲೇ ತನ್ನ ಬದಲು ಪೆಟ್ರೋಲು ಕೂಡಿಸುತ್ತಿದ್ದ ಹುಡುಗನ ಕೈಯಿಂದ ಕ್ಯಾನು ತೆಗೆದುಕೊಂಡು, ಅದರಲ್ಲಿದ್ದುದನ್ನು ಮಣ್ಣಿಗೆ ಚೆಲ್ಲಿ, ಹೊಸದಾಗಿ ಅಳೆಯಲು ಕೂತಿದ್ದಳು. ಗಂಡನ ಕಡೆ ನೋಡಲಿಲ್ಲ. ಮುದಕಪ್ಪನ ಕಡೆಯೂ ನೋಡಲಿಲ್ಲ.

ಮಷೀನು ಮತ್ತೆ ಕಟ್ಟಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಹುಣಸೆಯನ್ನು ಬೇರೆ ಗುತ್ತಿಗೆಯವರು ದೊಡ್ಡ ಕ್ರೇನು ತಂದು ಎತ್ತಿಕೊಂಡು ಹೋಗಿದ್ದರು. ಲಗ್ಗೆರೆಯಲ್ಲಿ ಸುದ್ದಿ ಹಬ್ಬಲು ಅಷ್ಟು ದಿನವೂ ಬೇಕಾಗಲಿಲ್ಲ. ಗಿರಾಕಿಗಳು ಅಂಗಡಿಯ ಮುಂದೆ ಬಂದು ಮಷೀನು ಇಡುವ ಮೊದಲೇ ಕೈಸನ್ನೆ ಮಾಡುತ್ತಿದ್ದರು, ಪೂರಾ ಕಿವುಡನೆಂಬಂತೆ. ಒಬ್ಬನಿಗೆ ಚೆನ್ನಾಗಿ ಉಗಿದು ಕಳಿಸಿದ. ಅವನು ಮತ್ತೆ ಬರಲಿಲ್ಲ.

ಮಷೀನನ್ನು ಪೆಟ್ರೋಲು ಬಸಿದು ಗೋಣಿಚೀಲಕ್ಕೆ ಹಾಕಿ ಮೆಟ್ರೋ ಸ್ಟೇಷನ್ನಿಗೆ ಹೋದ. ಸ್ಕ್ಯಾನರಿನಲ್ಲಿ ಚೈನಿನ ಹಲ್ಲು ಕಂಡು ಸೆಕ್ಯೂರಿಟಿಯವಳು ಎದ್ದೇ ನಿಂತಳು. "ಅಣ್ಣ, ಇದೇನ್ ಒಳಗೆ? ಯಾರ್ನ ಕೊಯ್ಯಕ್ಕೆ?" ಅವಳು ಎರಡು ಸಲ ಕೇಳಿದ ಮೇಲೆ ಅವನಿಗೆ ತಿಳಿಯಿತು. ವಾದ ಮಾಡದೆ ಚೀಲ ಹೊತ್ತು ಹೊರಬಿದ್ದ. ಕಾಡುಗೋಡಿಗೆ ಮೂರು ಬಸ್ಸು. ಚೀಲವನ್ನು ಇಡೀ ದಾರಿ ತೊಡೆಯ ಮೇಲೇ ಇಟ್ಟುಕೊಂಡಿದ್ದ.

ವಿನಾಯಕ ಮೂವತ್ತರ ಆಸುಪಾಸಿನವನು, ಒಳ್ಳೆಯ ಮಾತಿನವನು. ಸೈಲೆನ್ಸರು ಬಿಚ್ಚಿ ಒಳಗೆ ಲೈಟು ಬಿಟ್ಟು ನೋಡಿ ಸಿಳ್ಳೆ ಹಾಕುವಂತೆ ತುಟಿ ಮಾಡಿದ. "ಅಣ್ಣ, ಈ ಕಿಂಡಿ ಕೆಲ್ಸ ಯಾರ್ ಮಾಡಿದ್ದು? ಸಕ್ಕತ್ತಾಗಿದೆ ಕಣಣ್ಣ. ನಂಗೆ ಈ ಥರ ಬರಲ್ಲ."

ಮುದಕಪ್ಪ ತಲೆ ಆಡಿಸಿದ, ಅಷ್ಟೆ. ಸಂಗಣ್ಣ, ಸಿದ್ದಕ್ಕ ಮೊದಲೇ ಬಂದು ಅಂಗಡಿಯ ಮುಂದೆ ನಿಂತಿದ್ದರು, ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಸಿದ್ದಕ್ಕ ಪೆಟ್ರೋಲು ಹಾಕಿದಳು. ವಿನಾಯಕ ಮೀಟರಿನ ತಂತಿಯನ್ನು ಪ್ಲಗ್ಗಿಗೆ ಸುತ್ತಿ ಮಷೀನು ಎಬ್ಬಿಸಿದ, ಸ್ಕ್ರೂ ತಿರುಗಿಸಿದ, ಮೀಟರು ನೋಡಿದ, ಮತ್ತೆ ತಿರುಗಿಸಿ ಆಕ್ಸಿಲರೇಟರು ಬಿಟ್ಟ. ಮುದಕಪ್ಪನ ಕಿವಿಗೆ ಬಂದದ್ದು ದೂರದಲ್ಲಿ ಯಾರೋ ಕಂಬಳಿ ಝಾಡಿಸಿದಂಥ ಸದ್ದು.

"ಕರೆಕ್ಟಾಗಿದೆ ನಂಬರು," ಎಂದ ವಿನಾಯಕ. ಆಮೇಲೆ ದೊಡ್ಡ ಮೆಕ್ಯಾನಿಕ್ಕಿಗೆ ಕೊಡುವ ಮರ್ಯಾದೆಯಿಂದ ಮುದಕಪ್ಪನ ಕಡೆ ತಿರುಗಿ ಬಗ್ಗಿದ. "ನೀವ್ ಹೇಳಿ ಅಣ್ಣ, ಸೌಂಡ್ ಹೆಂಗಿದೆ?"

ಸಂಗಣ್ಣ ಬೇರೆ ಕಡೆ ನೋಡಿದ. ಮುದಕಪ್ಪ ಸಿದ್ದಕ್ಕನ ಕಡೆ ಕೈ ತೋರಿಸಿದ.

"ನನಗ ಗೊತ್ತಾಗಂಗಿಲ್ಲಪಾ," ಎಂದ. "ಆಕಿಗೆ ಕೇಳು."

ವಿನಾಯಕ ಸಿದ್ದಕ್ಕನನ್ನು ನೋಡಿದ, ಇದೇನು ತಮಾಷೆಯೋ ಎಂಬಂತೆ. ಸಿದ್ದಕ್ಕ ಬಾಟಲಿ ಕೆಳಗಿಟ್ಟು, "ಇನ್ನೊಮ್ಮೆ ಎಬ್ಬಸು," ಎಂದಳು. ಮಷೀನು ಎದ್ದಿತು. ಅವಳು ತಲೆ ಓರೆ ಮಾಡಿ, ಹುಬ್ಬು ಗಂಟಿಕ್ಕಿ, ನೆಲ ನೋಡುತ್ತ ಕೇಳಿದಳು. ಕೈ ಎತ್ತಿ ನಿಲ್ಲಿಸಿದಳು.

"ಹಸಿದೈತಿ ಅದು. ನಿನ್ನ ನಂಬರು ಬೇರೆ ಮರಕ್ಕಿರಬೇಕು ತಮ್ಮಾ. ಗಟ್ಟಿ ಮರಕ್ಕ ಇನ್ನೊಂದೀಟು ಪೆಟ್ರೋಲ್ ಬಿಡು."

ವಿನಾಯಕ ಮೀಟರು ನೋಡಿ, ಅವಳನ್ನು ನೋಡಿ, ಭುಜ ಹಾರಿಸಿ ಸ್ಕ್ರೂಗೆ ಕೈ ಹಾಕಿದ. ಮಷೀನು ಮೂರನೇ ಸಲ ಎದ್ದಿತು. ರಸ್ತೆಯಾಚೆ ಚಹಾದಂಗಡಿಯವರು ಕಿವಿ ಮುಚ್ಚಿಕೊಂಡರು. ಮುದಕಪ್ಪ ಮಷೀನನ್ನು ನೋಡಲಿಲ್ಲ. ಸಿದ್ದಕ್ಕನ ಮುಖವನ್ನೇ ನೋಡುತ್ತ ನಿಂತ, ಅವಳ ಹುಬ್ಬಿನ ನಡುವಿನ ಗಂಟು ಸಡಿಲವಾಗುವವರೆಗೆ.